ಅಂಚು ದಾಟಿದ ಅರಿಸಿನ

ಅರಕೆರೆಯ ಚೌಡಯ್ಯ ಕಣ್ಣು ಮುಚ್ಚುವ ಮುಂಚೆ ಹೆಂಡತಿಗೆ ಹೇಳಿದ ಕೊನೇ ಮಾತು, "ಆ ಅಳದಿ ಸ್ಟಾಂಪು ಜ್ವಾಪಾನ ಕಣಮ್ಮಿ" ಅಂತ. ಜೀವಮಾನವೆಲ್ಲ ಜೊತೆಗೆ ಬಾಳಿದವಳಿಗೆ ಇನ್ನು ಮೇಲೆ ಹೇಗಿರುತ್ತೀಯೆ ಅನ್ನುವ ಒಂದು ಮಾತಿಲ್ಲ, ಸ್ಟಾಂಪಂತೆ ಸ್ಟಾಂಪು! ತಿಥಿ ಮುಗಿದರೂ ಯಶೋದಮ್ಮನ ಹೊಟ್ಟೆಯ ಉರಿ ಆರಲಿಲ್ಲ.

ಊರಿನ ಗಂಡಸರು ಇಸ್ಪೀಟು ಹಿಡಿದರೆ ಚೌಡಯ್ಯ ಹಳೆ ಸ್ಟಾಂಪು ಹಿಡಿದವನು. ಕಬ್ಬಿನ ಗದ್ದೆಯಿಂದ ಬಂದು ಬಿಸ್ಕತ್ತಿನ ಡಬ್ಬಿ ತೆಗೆದನೆಂದರೆ ಮುದ್ದೆ ಆರಿದ್ದೂ ಗೊತ್ತಾಗುತ್ತಿರಲಿಲ್ಲ. ಅದರಲ್ಲಿ ಹಳದಿ ಮೆತ್ತಿದ್ದೊಂದನ್ನು ಮಾತ್ರ ಅವಳು ಮುಟ್ಟುವ ಹಾಗಿರಲಿಲ್ಲ. ಕೇಳಿದರೆ, "ಅಚ್ಚು ತಪ್ಪಿರೋದು ಕಣಮ್ಮಿ, ಇಂಥದ್ದು ಎಲ್ಲೂ ಸಿಕ್ಕಕಿಲ್ಲ" ಅಂತ ಅವಳ ಮುಖ ನೋಡಿ ನಗುವನು. ಸ್ಟಾಂಪಿನ ಕಣ್ಣಿಗೆ ಬೆಣ್ಣೆ, ಅವಳ ಕಣ್ಣಿಗೆ ಸುಣ್ಣ.

ತನಗಿಂತ ಹೆಚ್ಚಿನದು ಅದರಲ್ಲೇನಿದೆ? ಅದೊಂದು ಅವಳಿಗೆ ತಿಳಿಯಬೇಕಿತ್ತು. ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಬಂದಳು. ಅಲ್ಲಿನ ಜಯರಾಮಯ್ಯ ಮೇಷ್ಟ್ರು ಸ್ಟಾಂಪಿನ ಅಚ್ಚುತಪ್ಪು ಹಿಡಿದು ಬೆಲೆ ಹೇಳುವುದರಲ್ಲಿ ಎತ್ತಿದ ಕೈ.

ಮೇಷ್ಟ್ರು ಭೂತಗನ್ನಡಿ ಹಿಡಿದರು. "ಬಣ್ಣ ಜಾರಿದ್ರೆ, ಎರಡು ಸಲ ಅಚ್ಚು ಬಿದ್ದಿದ್ರೆ ಬೆಲೆ ಉಂಟಮ್ಮ. ಇದನ್ನ ನೆನೆಸಿ ಬಿಡಿಸಿಲ್ಲ, ಕವರಿನ ಸಮೇತ ಕತ್ತರಿಸಿದ್ದಾರೆ. ಹಳದಿ ಸ್ಟಾಂಪಿನ ಅಂಚು ದಾಟಿ ಕವರಿಗೂ ಹಬ್ಬಿದೆ ನೋಡಿ. ಅಚ್ಚಿನ ತಪ್ಪು ಅಂಚು ದಾಟಲ್ಲ. ಬೆರಳಿನ ಗೆರೆ ಕೂಡ ಕಾಣ್ತಿದೆ. ಅರಿಸಿನ ಇರಬೇಕು. ಸುಣ್ಣ ಮುಟ್ಟಿಸಿದರೆ ಗೊತ್ತಾಗುತ್ತೆ, ಆದರೆ ಸ್ಟಾಂಪು ಕೆಡುತ್ತೆ."

"ಮುಟ್ಸಿ ಮೇಷ್ಟ್ರೇ. ಕೆಟ್ರೆ ಕೆಡ್ಲಿ."

ಎಲೆಯಡಿಕೆ ತಟ್ಟೆಯ ಸುಣ್ಣವನ್ನು ನೀರಲ್ಲಿ ಕದಡಿ, ಕಡ್ಡಿಯ ತುದಿಯಿಂದ ಒಂದು ಹನಿ ಬಿಟ್ಟರು. ಹಳೇ ಕಾಗದ ಹನಿಯನ್ನು ಹೀರಿತು. ಹಳದಿಯೆಲ್ಲ ಕೆಂಪಾಗಿ ಹರಡಿತು.

"ಅರಿಸಿನವೇ. ಇದಕ್ಕೆ ಬೆಲೆಯಿಲ್ಲಮ್ಮ. ಯಾರದೋ ಮದುವೆ ಕಾಗದದ್ದು," ಅಂದ ಮೇಷ್ಟ್ರು ಅಂಚೆಯ ಮುದ್ರೆಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಶೀಳನೆರೆ."

ಶೀಳನೆರೆ ಯಶೋದಮ್ಮನ ತವರು.

ಸಂಬಂಧ ಒಪ್ಪಿ ಚೌಡಯ್ಯನ ಮನೆಗೆ ಅಪ್ಪ ಕಾಗದ ಬರೆದ ದಿನ, ಕವರಿನ ನಾಲ್ಕು ಮೂಲೆಗೂ ಅರಿಸಿನ ಹಚ್ಚಲು ಕೊಟ್ಟದ್ದು ಅವಳ ಕೈಗೇ. ನಾಚಿಕೆಯಲ್ಲಿ ಬೆರಳು ಜಾರಿ ಸ್ಟಾಂಪಿಗೆಲ್ಲ ಮೆತ್ತಿಬಿಟ್ಟಿದ್ದಳು. ಅಪ್ಪ ಬೈದದ್ದನ್ನು ಹೊಸತರಲ್ಲಿ ಗಂಡನಿಗೆ ಹೇಳಿ ನಗಿಸಿದ್ದಳು. ಆಮೇಲೆ ಬದುಕಿನ ಗದ್ದಲದಲ್ಲಿ ಅವಳು ಮರೆತಳು, ಅವನು ಮರೆಯಲಿಲ್ಲ.

"ಆ ಬೆರಳಿನ ಗೆರೆ ಅಂದ್ರಲ್ಲ ಮೇಷ್ಟ್ರೇ, ಇನ್ನೊಂದ್ ಕಿತ ನೋಡಿ."

ಮೇಷ್ಟ್ರು ಬಹಳ ಹೊತ್ತು ನೋಡಿದರು. "ಕದಡಿ ಹೋಗಿದೆಯಮ್ಮ."

ಅವಳು ಆ ಒದ್ದೆ ಕೆಂಪಿನ ಮೇಲೆ ಬೆರಳಿಟ್ಟಳು. ಬೆರಳಿಗೂ ಕೆಂಪು ಹತ್ತಿತು. ಅಭ್ಯಾಸಬಲದಲ್ಲಿ ಕೈ ಹಣೆಯವರೆಗೆ ಹೋಗಿ ಅಲ್ಲೇ ನಿಂತಿತು.

"ಜ್ವಾಪಾನ ಅಂದಿದ್ರು ಮೇಷ್ಟ್ರೇ," ಅಂದಳು. "ನಾನೇ ಸುಣ್ಣ ಮುಟ್ಟಿಸ್ಬುಟ್ಟೆ."