ಕಿವಿಕಲ್ಲಿನ ಹಳದಿ ಗೆರೆ

ಮೀನಿನ ವಯಸ್ಸು ಎಣಿಸುವ ನಮ್ಮ ಕೋಣೆಯಲ್ಲಿ ಕಟ್ಟುನಿಟ್ಟಿನ ನಿಯಮ ಒಂದೇ. ಕಿವಿಕಲ್ಲು ಓದುವವರಿಗೆ ಮೀನಿನ ವಿಷಯ ಏನೂ ಹೇಳಬಾರದು. ಎಷ್ಟು ಉದ್ದವಿತ್ತು, ಯಾವತ್ತು ಸಿಕ್ಕಿತು, ಯಾರ ದೋಣಿಯದು, ಒಂದೂ ಬೇಡ. ಮೀನು ದೊಡ್ಡದೆಂದು ಗೊತ್ತಾದರೆ ಸಾಕು, ಇಲ್ಲದ ಸುತ್ತುಗಳನ್ನೂ ಕಣ್ಣು ಎಣಿಸಿಬಿಡುತ್ತದೆ. ಮೂವತ್ತು ವರ್ಷದಿಂದ ನಾನು ಯಾರ ಕಣ್ಣನ್ನೂ ನಂಬಿಲ್ಲ, ನನ್ನದನ್ನೂ ಸೇರಿಸಿ.

ಮೀನಿನ ತಲೆಯೊಳಗೆ ಅಕ್ಕಿಕಾಳಿನಷ್ಟು ಕಲ್ಲಿರುತ್ತದೆ. ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ವರ್ಷಕ್ಕೊಂದರಂತೆ ಸುತ್ತು ಕಾಣುತ್ತದೆ. ನಾನೊಮ್ಮೆ ಓದುತ್ತೇನೆ, ಜತೆಗೆ ಕೆಲಸ ಮಾಡುವ ಹಿರಿಯರಾದ ದೋನ್ ಎಫ್ರೈನ್ ಒಮ್ಮೆ ಓದುತ್ತಾರೆ, ಒಬ್ಬರ ಚೀಟಿ ಇನ್ನೊಬ್ಬರು ನೋಡುವಂತಿಲ್ಲ. ನಮ್ಮೂರು ಕಾಬೊ ರೋಹೊದ ಕಡಲಿನ ಕಾಬ್ರಿಯಾ ಮೀನು ಎಷ್ಟು ವರ್ಷ ಬದುಕುತ್ತದೆ, ಎಷ್ಟು ಬೇಗ ಬೆಳೆಯುತ್ತದೆ, ವರ್ಷಕ್ಕೆ ನೂರರಲ್ಲಿ ಎಷ್ಟು ಸಾಯುತ್ತದೆ ಎಂಬುದೆಲ್ಲ ಆ ಎರಡು ಚೀಟಿಗಳಿಂದಲೇ ಹೊರಡಬೇಕು.

ಆರು ವರ್ಷದ ಹಿಂದೆ, ನಮ್ಮ ಎಣಿಕೆ ಸರಿಯೋ ತಪ್ಪೋ ನೋಡಲು, ದೋಣಿಯಲ್ಲಿ ಎರಡು ಗಂಟೆ ದೂರದ, ನೀರೊಳಗಿನ ಬಾಹೊ ನೇಗ್ರೊ ದಿಬ್ಬದ ಮೇಲೆ ಅರವತ್ತು ಕಾಬ್ರಿಯಾ ಹಿಡಿದೆವು. ದನಗಳಿಗೆ ಕೊಡುವ ಔಷಧವನ್ನೇ ಹೊಟ್ಟೆಗೆ ಚುಚ್ಚಿ, ಬೆನ್ನಿಗೆ ಪ್ಲಾಸ್ಟಿಕ್ ಚೀಟಿ ಸಿಕ್ಕಿಸಿ ಬಿಟ್ಟೆವು. ಆ ಔಷಧ ಕಲ್ಲಿನಲ್ಲಿ ಒಂದು ಗೆರೆ ಉಳಿಸುತ್ತದೆ; ನೇರಳೆ ದೀಪದಡಿ ಹಳದಿಯಾಗಿ ಹೊಳೆಯುತ್ತದೆ. ಗೆರೆಯ ಆಚೆ ಎಷ್ಟು ಸುತ್ತಿದೆಯೋ, ಚುಚ್ಚಿ ಅಷ್ಟು ವರ್ಷ. ಹೆಚ್ಚಿನವಕ್ಕೆ ಚುಚ್ಚಿದವನು ಮೀನುಗಾರನಾದ ನನ್ನ ಅಣ್ಣ ಅನ್ಸೆಲ್ಮೊ. ಅವನದು ಧಾರಾಳದ ಕೈ, ಹೇಳಿದ್ದಕ್ಕಿಂತ ಹೆಚ್ಚೇ ಹಾಕುತ್ತಿದ್ದ. ಬೈದರೆ, "ಪಾಪ, ಅದಕ್ಕೂ ಒಂಚೂರು ಜಾಸ್ತಿ ಇರ್ಲಿ ಬಿಡೇ" ಅನ್ನುತ್ತಿದ್ದ, ಮದುವೆ ಮನೆಯಲ್ಲಿ ಬಡಿಸುವವನ ಹಾಗೆ. ಅವನು ಚುಚ್ಚಿದ ಮೀನುಗಳ ಗೆರೆ ದಪ್ಪ, ಬೇರೆ ಯಾರದ್ದೂ ಹಾಗಿರುತ್ತಿರಲಿಲ್ಲ. ಮಿಕ್ಕ ಔಷಧ, ಸೂಜಿ ಎಲ್ಲ ಅವನ ದೋಣಿಯಲ್ಲೇ ಉಳಿಯಿತು.

ನಾಲ್ಕು ವರ್ಷದ ಹಿಂದೆ ಅದೇ ದಿಬ್ಬಕ್ಕೆ ಹೋದವನು ತಿರುಗಿ ಬರಲಿಲ್ಲ. ದೋಣಿಯೂ ಇಲ್ಲ, ಹಲಗೆಯ ಚೂರೂ ಇಲ್ಲ. ನಮ್ಮಲ್ಲಿ ಸತ್ತವರಿಗೆ ಒಂಬತ್ತು ದಿನ ಜಪಮಾಲೆ ಹಿಡಿದು ಪ್ರಾರ್ಥನೆ ಮಾಡುತ್ತಾರೆ. ಅತ್ತಿಗೆ ಬ್ರುನಿಲ್ದಾ ಮಾಡಿಸಲಿಲ್ಲ. ನನ್ನ ಜತೆ ಶಾಲೆಗೆ ಬಂದವಳು, ಹಟಮಾರಿ. ಹೆಣ ನೋಡದೆ ಹೇಗೆ ಸತ್ತ ಅನ್ನಲಿ ಎಂದು ನಾಲ್ಕು ವರ್ಷ ನಿದ್ದೆಗೆಟ್ಟು ಕೂತಳು. ಈ ಜುಲೈಯಲ್ಲಿ ಅವಳಿಗೇ ಸಾಕಾಯಿತು. ಸೋಮವಾರದಿಂದ ಪ್ರಾರ್ಥನೆ ಎಂದು ಊರಿಗೆಲ್ಲ ಹೇಳಿ ಕಳಿಸಿದಳು. ಸತ್ತನೆಂದು ಒಪ್ಪಿಕೊಂಡರೆ ರಾತ್ರಿ ನಿದ್ದೆ ಮಾಡಬಹುದು ಎಂಬುದೊಂದೇ ಅವಳ ಆಸೆ.

ಅದರ ಹಿಂದಿನ ಗುರುವಾರ, ದಿಬ್ಬದಿಂದ ಬಂದ ಹೊಸ ಕಲ್ಲುಗಳನ್ನು ದೀಪದಡಿ ಇಟ್ಟೆ. ಒಂದು ಹೊಳೆಯಿತು. ಆ ಅರವತ್ತರಲ್ಲೊಂದು, ಬೆನ್ನಿನ ಚೀಟಿ ಉದುರಿರಬೇಕು ಅಂದುಕೊಂಡೆ. ಹಾಗಿದ್ದರೆ ಗೆರೆಯ ಆಚೆ ಆರು ಸುತ್ತಿರಬೇಕಿತ್ತು. ಎರಡೇ ಇದ್ದವು. ಇನ್ನೊಂದು ಕಲ್ಲಿನಲ್ಲಿ ಒಂದೇ ಒಂದು. ಮೂರನೆಯದರಲ್ಲಿ ಗೆರೆ ಅಂಚಿನಲ್ಲೇ ಇತ್ತು, ಆಚೆ ಏನೂ ಇಲ್ಲ. ಚುಚ್ಚಿ ತಿಂಗಳಾಗಿದ್ದರೆ ಹೆಚ್ಚು. ಮೂರರಲ್ಲೂ ಗೆರೆ ದಪ್ಪ.

ಆ ಮೂರರ ಸಂಖ್ಯೆ ಬದಲಿಸಿ, ಬೇರೆ ಇಪ್ಪತ್ತು ಕಲ್ಲುಗಳ ಜತೆ ಬೆರೆಸಿ, ದೋನ್ ಎಫ್ರೈನ್ ಮುಂದಿಟ್ಟೆ.

"ಊಟದ ಹೊತ್ತಲ್ಲೇ ನೆನಪಾಯ್ತಾ ತಾಯಿ ನಿಂಗೆ?"

"ಓದಿ ಅಂದ್ರೆ ಓದಿ. ವಯಸ್ಸಾದಷ್ಟೂ ಪ್ರಶ್ನೆ ಜಾಸ್ತಿ ನಿಮ್ದು."

"ಮೀನಿನ ವಯಸ್ಸು ಸಾಲ್ದು ಅಂತ ಈಗ ನನ್ನ ವಯಸ್ಸಿಗೂ ಬಂದ್ಲು" ಎಂದು ಗೊಣಗುತ್ತ ಕೂತರು.

ಒಂದು ಗಂಟೆಯ ನಂತರ ಚೀಟಿ ಕೊಟ್ಟರು. ಆ ಮೂರರ ಎದುರು ಎರಡು, ಒಂದು, ಸೊನ್ನೆ. ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

"ಸೊರೈದಾ, ಇದನ್ನ ಚುಚ್ಚಿದ್ದು ಯಾರು?"

"ಗೊತ್ತಿಲ್ಲ."

"ದನದ ಔಷಧದ ಅಂಗಡೀಲಿ ಯಾರಿಗಾದ್ರೂ ಸಿಗುತ್ತೆ ಇದು."

"ಸಿಗುತ್ತೆ. ಅದನ್ನ ತಗೊಂಡು ಕಡಲಿಗೆ ಹೋಗಿ ಕಾಬ್ರಿಯಾ ಹೊಟ್ಟೆಗೆ ಚುಚ್ಚೋ ಹುಚ್ಚ ಯಾರಿದಾನೆ ಹೇಳಿ."

ನಮ್ಮ ದ್ವೀಪದಲ್ಲಿ ಈ ಕೆಲಸ ಮಾಡುವ ಇನ್ನೊಂದು ಕೇಂದ್ರಕ್ಕೆ ಫೋನ್ ಮಾಡಿದೆ. ಅವರು ಮೀನಿಗೆ ಸೂಜಿ ಮುಟ್ಟಿಸಿ ಎಂಟು ವರ್ಷವಾಗಿತ್ತು. ಆ ಮೀನುಗಳನ್ನು ಹಿಡಿದು ತಂದ ಮೀನುಗಾರ ತಾತೊನನ್ನು ದಕ್ಕೆಯಲ್ಲಿ ಹಿಡಿದು ಕೇಳಿದೆ. ದಿಬ್ಬದ ಹತ್ತಿರ ಬೇರೆ ದೋಣಿ ಇರಲಿಲ್ಲ ಅಂದ.

"ಆದ್ರೆ ಅಕ್ಕ, ಅದ್ರಲ್ಲಿ ಒಂದೆರಡು ಮೀನು ಒದ್ದಾಡ್ಲೇ ಇಲ್ಲ. ಕೈಗೆ ತಗೊಂಡ ತಕ್ಷಣ ಹೊಟ್ಟೆ ಮೇಲೆ ಮಾಡ್ಕೊಂಡು ಸುಮ್ನೆ ಮಲಗಿದ್ವು. ಯಾರೋ ರೂಢಿ ಮಾಡ್ಸಿದ ಹಾಗೆ. ನಂಗ್ಯಾಕೋ ಸರಿ ಅನ್ನಿಸ್ಲಿಲ್ಲ."

ಭಾನುವಾರ ಬ್ರುನಿಲ್ದಾಳ ಮನೆಗೆ ಹೋದೆ. ಪ್ರಾರ್ಥನೆಯ ಮೇಜಿಗೆ ಹಾಸುವ ಬಿಳಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಹೇಳಬಾರದಿತ್ತು. ಆದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಎಲ್ಲ ಹೇಳಿಬಿಟ್ಟೆ. ಅವಳು ಇಸ್ತ್ರಿ ನಿಲ್ಲಿಸಲಿಲ್ಲ.

"ಹೋದ ತಿಂಗಳು ಅಂತೀಯಾ?"

"ಹೂಂ, ಹೋದ ತಿಂಗಳು."

"ಅಂದ್ರೆ ಬದುಕಿದಾನೆ. ನಾಲ್ಕು ವರ್ಷ, ಇಲ್ಲೇ ಎರಡು ಗಂಟೆ ದಾರೀಲಿ. ಮೀನಿಗೆ ಸೂಜಿ ಹಾಕೋಕೆ ಪುರುಸೊತ್ತಿದೆ, ಮನೆಗೆ ಬರೋಕಿಲ್ಲ."

"ಬದುಕಿದಾನೆ ಅಂತ ನಾನು ಹೇಳ್ಲಿಲ್ಲ ಬ್ರುನಿ."

"ಮತ್ತೆ, ಸತ್ತೋನು ಸೂಜಿ ಹಿಡೀತಾನಾ?"

ಅವಳು ಬಟ್ಟೆಯನ್ನು ನಾಲ್ಕಾಗಿ ಮಡಿಸಿದಳು.

"ಒಂದು ಹೇಳು. ನೀವು ಬಿಟ್ಟ ಮೀನು ವಾಪಸ್ ಸಿಗದೇ ಹೋದ್ರೆ ನಿಮ್ಮ ಲೆಕ್ಕದಲ್ಲಿ ಏನು?"

"ಸತ್ತಿದೆ ಅಂತ."

"ಎಲ್ಲೋ ಬೇರೆ ಕಡೆ ಹೋಗಿದ್ರೆ?"

"ಅದೂ ಸತ್ತದ್ರ ಜೊತೆನೇ ಸೇರುತ್ತೆ. ನಮಗೆ ವ್ಯತ್ಯಾಸ ಗೊತ್ತಾಗಲ್ಲ."

"ಹಾಗಾದ್ರೆ ನಂಗೂ ಗೊತ್ತಾಗೋದು ಬೇಡ. ನಾಳೆ ನಾಲ್ಕು ಗಂಟೆಗೆ ಬಾ, ಕಾಫಿ ಮಾಡಿರ್ತೀನಿ."

ಒಂಬತ್ತು ದಿನವೂ ಅವಳೇ ಮುಂದೆ ಕೂತು ಗಟ್ಟಿ ದನಿಯಲ್ಲಿ ಜಪ ಮಾಡಿಸಿದಳು. ಒಂದು ಹನಿ ಕಣ್ಣೀರಿಲ್ಲ. ದಿನವೂ ಕೊನೆಯಲ್ಲಿ ಗಂಡನ ಹೆಸರು ಹಿಡಿದು, "ಸಾಕು ಅನ್ಸೆಲ್ಮೊ, ಕೆಲಸ ಬಿಟ್ಟು ಹೋಗಿ ಮಲ್ಕೊ" ಎಂದು ಬೈದಂತೆ ಹೇಳುತ್ತಿದ್ದಳು. ಎದೆ ಕಲ್ಲಾಗಿದೆ ಎಂದು ಬಂದವರು ಆಡಿಕೊಂಡರು. ನಾನೂ ಹಾಗೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ದಿಬ್ಬದಿಂದ ಎಪ್ಪತ್ತೊಂದು ಮೀನು ಬಂದವು. ಹಳೆಯ ಗೆರೆಗಳು ಕೆಲವು ಹೊಳೆದವು. ಅಂಚಿನಲ್ಲಿ ಹೊಸದು ಒಂದೂ ಇರಲಿಲ್ಲ. ದೋನ್ ಎಫ್ರೈನ್ ಓದಿದಾಗಲೂ ಇರಲಿಲ್ಲ.

ಅಕ್ಟೋಬರ್ ಮೊದಲ ವಾರ ಬ್ರುನಿಲ್ದಾ ನಮ್ಮ ಕೋಣೆಗೆ ಬಂದಳು. ಅಲ್ಲಿಗೆ ಅವಳು ಹಿಂದೆಂದೂ ಬಂದವಳಲ್ಲ. ಬಾಗಿಲಲ್ಲೇ ನಿಂತು ಕೇಳಿದಳು.

"ಹೊಸ ಗೆರೆ ಏನಾದ್ರೂ ಕಾಣಿಸ್ತಾ?"

"ಇಲ್ಲ. ಪ್ರಾರ್ಥನೆ ಆದ್ಮೇಲೆ ಒಂದೂ ಇಲ್ಲ."

ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದಳು.

"ಜನ್ಮದಲ್ಲಿ ಮೊದಲ್ನೇ ಸಲ ನನ್ನ ಮಾತು ಕೇಳಿದಾನೆ ನೋಡೇ" ಅಂದಳು. ಆಮೇಲೆ ಕರವಸ್ತ್ರವೂ ಇಲ್ಲದೆ, ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡು, ಆಗಷ್ಟೇ ಸುದ್ದಿ ಬಂದವಳಂತೆ ಅತ್ತಳು.