ಇಪ್ಪತ್ತು ಮಂದಿಯ ಪರೀಕ್ಷೆ

ಬೆಳಗಿನಿಂದ ನಿಲೋಫರ್ ಗಡಿಯಾರವನ್ನೇ ನೋಡುತ್ತಿದ್ದಳು. ಸಂಶಿಯ ರೈತರ ಕಂಪನಿಯಲ್ಲಿ ಟ್ರ್ಯಾಕ್ಟರ್, ಔಷಧ ಹೊಡೆಯುವ ಡ್ರೋನ್ ಬುಕ್ ಮಾಡುವ ಆ್ಯಪ್ ಅವಳ ಕೈಕೂಸು. ಹದ ಮಳೆ ಬಿತ್ತೆಂದರೆ ಎಲ್ಲರೂ ಒಮ್ಮೆಗೇ ನುಗ್ಗುತ್ತಾರೆ, ಅದು ಮಕಾಡೆ ಮಲಗುತ್ತದೆ. ಅದಕ್ಕೇ ಆ್ಯಪನ್ನು ಕ್ಲೌಡಿಗೆ ಏರಿಸಬೇಕು, ಅಂದರೆ ಎಲ್ಲೋ ದೂರದ ಬಾಡಿಗೆ ಸರ್ವರುಗಳ ಮೇಲೆ ಕೂರಿಸಬೇಕು. ಆ ಸರ್ವರುಗಳನ್ನು ಕಟ್ಟಿ ನೋಡಿಕೊಳ್ಳಲು ಯಾವ ಪ್ಲಾಟ್‌ಫಾರ್ಮ್ ಒಳ್ಳೆಯದು ಎಂಬುದು ಹನ್ನೊಂದಕ್ಕೆ ತೀರ್ಮಾನವಾಗಬೇಕಿತ್ತು.

ಹುಬ್ಬಳ್ಳಿಯ ಒಂದು ಕಂಪನಿಯಿಂದ ಬಂದ ಅಕೀಲ್ ತಂದದ್ದು ಬಣ್ಣಬಣ್ಣದ ಬಟನ್ನುಗಳದು. ಒತ್ತುತ್ತಾ ಹೋದರೆ ಸರ್ವರ್ ಏಳುತ್ತದೆ. ನಿಲೋಫರ್ ಆರಿಸಿದ್ದು ಕಪ್ಪು ಪರದೆಯದು. ಅದರಲ್ಲಿ ಏನೇನು ಬೇಕೆಂದು ಒಂದು ಫೈಲಿನಲ್ಲಿ ಬರೆದಿಟ್ಟರೆ ಸಾಕು, ಅದೇ ಕಟ್ಟುತ್ತದೆ, ಅದೇ ಕೆಡವುತ್ತದೆ. ಅಕೀಲನದು ಗೆದ್ದರೆ ಮುಂದೆ ಉಸ್ತುವಾರಿಯೂ ಹುಬ್ಬಳ್ಳಿಯವರದೇ. ನಿಲೋಫರ್‌ಗೆ ಉಳಿಯುವುದು ಬರೀ ಫೋನ್ ಎತ್ತುವ ಕೆಲಸ.

"ಇದು ಚಂದ ಐತಿ ಬಿಡ್ರಿ," ಅಂದರು ಅಧ್ಯಕ್ಷೆ ಮೈಲಾರವ್ವ, ಬಟನ್ನುಗಳ ಕಡೆ ಬೆರಳು ಮಾಡಿ. "ನಿಂದೇನ್ ಬೇ, ಅಮಾಸಿ ಕಂಡಂಗ ಕಾಣತೈತಿ?"

ನಿಲೋಫರ್ ಹಲ್ಲು ಕಚ್ಚಿ ನಕ್ಕಳು. ಹನ್ನೊಂದಕ್ಕೆ ಇಪ್ಪತ್ತೇ ಮಂದಿ ಒಮ್ಮೆಗೇ ಆ್ಯಪಿನಲ್ಲಿ ಬುಕ್ ಒತ್ತುವುದು, ಎರಡಕ್ಕೂ ಅದೇ ಪರೀಕ್ಷೆ. ಅಷ್ಟಕ್ಕೆ ಎರಡೂ ತಡೆಯುತ್ತವೆ, ಆಮೇಲೆ ಚಂದದ್ದೇ ಗೆಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆ ಇಪ್ಪತ್ತು ಮಂದಿಗೆ ಹೇಳಿ ಬರುವ ಹೊಣೆ ನಿರ್ದೇಶಕಿ ಜಮಾಲಬಿಯದು.

ಹನ್ನೊಂದು ಹೊಡೆಯಿತು. ಪರದೆಯ ಮೇಲೆ ಇಪ್ಪತ್ತು, ಅರವತ್ತು, ಮುನ್ನೂರು, ಒಂಬೈನೂರು!

"ಚಾಚಿ, ಎಷ್ಟ ಮಂದಿಗೆ ಹೇಳೀರಿ?" ನಿಲೋಫರ್ ಜಮಾಲಬಿಯ ಕಡೆ ತಿರುಗಿದಳು.

"ಇಪ್ಪತ್ತ ಮನಿಗೆ ಹೇಳಬೇಕಂತ ಹೊಂಟೆ," ಅಂದರು ಜಮಾಲಬಿ, ಸೆರಗು ಸರಿಮಾಡಿಕೊಳ್ಳುತ್ತಾ. "ಒಬ್ಬರಿಗೆ ಹೇಳಿ ಬಾಜು ಮನಿ ಬಿಟ್ರ ನಾಳೆ ಮಾರಿ ಹೆಂಗ ತೋರಸ್ಲಿ? ಮದವಿಗೆ ಕರದಂಗ ಕರದೆ. ಒಲಿ ಹಚ್ಚಬ್ಯಾಡ್ರಿ, ಮನಿಮಂದಿ ಎಲ್ಲಾ ಕೂಡಿ ಒತ್ತರಿ ಅಂದೆ. ಬೀಗರ ಊರಿಗೂ ಫೋನ್ ಹಚ್ಚೀನಿ."

ಅಕೀಲ್ ಬಟನ್ನುಗಳ ಮೇಲೆ ಮುಗಿಬಿದ್ದ. ಹೊಸ ಸರ್ವರ್ ಒಂದಕ್ಕೆ ಏಳು ಪುಟ ತುಂಬಬೇಕು, ಅವನ ಬೆರಳುಗಳು ಓಡುತ್ತಿದ್ದವು ಪಾಪ. ಎರಡನೆಯದು ಏಳುವಷ್ಟರಲ್ಲಿ ಮೊದಲಿನದು ಬಿತ್ತು. ಮೂರನೆಯದಕ್ಕೆ ಗಡಿಬಿಡಿಯಲ್ಲಿ ಒಂದು ಪುಟದ ಟಿಕ್ ಗುರುತು ಹಾಕುವುದನ್ನೇ ಮರೆತ, ಅದು ಏಳಲೇ ಇಲ್ಲ.

ನಿಲೋಫರ್‌ಳ ಸರ್ವರುಗಳೂ ಏದುಸಿರು ಬಿಡುತ್ತಿದ್ದವು. ಫೈಲಿನಲ್ಲಿ 'ಹೆಚ್ಚೆಂದರೆ 3' ಎಂದು ಅವಳೇ ಜಿಪುಣಿಯ ಹಾಗೆ ಬರೆದಿದ್ದಳು. ಮೂರನ್ನು ಅಳಿಸಿ ಹನ್ನೆರಡು ಮಾಡಿ ಒತ್ತಿದಳು. ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ನಾಲ್ಕು, ಏಳು, ಹನ್ನೆರಡು, ಒಂದರ ಹಿಂದೊಂದು ಎದ್ದು ನಿಂತವು! ಅವಳು ಕುರ್ಚಿಯಿಂದ ಹಾರಿದಳು, ಜಮಾಲಬಿಯನ್ನು ಅಪ್ಪಿ ಗಿರಗಿರ ತಿರುಗಿಸಿದಳು, ನಕ್ಕು ನಕ್ಕು ಬಿಕ್ಕಳಿಕೆ ಹತ್ತಿತು.

"ಬಿಡ್ ಬೇ, ಸೊಂಟ ಮುರದೀತು!" ಎಂದು ಜಮಾಲಬಿ ಕೂಗಿದರು.

ಮಂದಿ ಕರಗಿದ ಮೇಲೆ ಸರ್ವರುಗಳೂ ತಾವಾಗಿಯೇ ಇಳಿದು ಎರಡಕ್ಕೆ ಬಂದವು. "ನಮ್ಮನಿ ಬೀಗರು ಹಿಂಗ ತಾವ ಎದ್ದು ಹೋದ್ರ ಎಷ್ಟ ಚಲೋ," ಅಂದ ಅಕೀಲ್. ಸೋತವನ ಆ ಮಾತಿಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು.

ಮೈಲಾರವ್ವ ಮಾತ್ರ ನಗಲಿಲ್ಲ. ಕನ್ನಡಕ ಏರಿಸಿ ಕಪ್ಪು ಪರದೆಯ ಹತ್ತಿರ ಬಂದರು. ಅವರಿಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ.

"ಮೂರ ಇದ್ದದ್ದು ಹನ್ನೆರಡ ಆತು. ಇಷ್ಟ ಏನ ನೀ ಮಾಡಿದ್ದು?"

"ಇಷ್ಟ ರೀ ಅವ್ವಾರ. ಯಾರು ತಿದ್ದಿದ್ರು, ಯಾವಾಗ ತಿದ್ದಿದ್ರು, ಎಲ್ಲಾ ಇದರಾಗ ಉಳೀತೈತಿ."

"ಅವರ ಬಟನ್?"

"ಒತ್ತಿದವರ ತಲ್ಯಾಗ ಇರತೈತ್ರಿ," ಅಂದ ಅಕೀಲ್, ಪ್ರಾಮಾಣಿಕ ಹುಡುಗ.

ಮೈಲಾರವ್ವ ಬಟನ್ನುಗಳನ್ನೊಮ್ಮೆ, ಕಪ್ಪು ಪರದೆಯನ್ನೊಮ್ಮೆ ನೋಡಿದರು. ನಿಲೋಫರ್‌ಳ ಬಿಕ್ಕಳಿಕೆಯೂ ನಿಂತಿತು.

"ನಿಂದ ಆಗಲಿ, ಬರದಿಟ್ಟದ್ದು ಊರಾಗ ಇರಲಿ," ಅಂದರು ಕೊನೆಗೆ. "ನಾಳಿಂದ ದಿನಾ ಒಂದೊಂದ ಸಾಲ ನನಗ ಓದಾಕ ಕಲಸು. ಅಧ್ಯಕ್ಷಿ ಆಗಿ ನಾಕ ವರ್ಷ ಆತು, ಬರೇ ಸಹಿ ಹಾಕ್ಕೋತ ಕುಂತೀನಿ."

ನಿಲೋಫರ್‌ಳ ಕಣ್ಣು ತುಂಬಿ ಬಂತು. "ನಾಳಿಂದ ಯಾಕ್ರೀ ಅವ್ವಾರ," ಎಂದು ತನ್ನ ಕುರ್ಚಿಯನ್ನೇ ಅವರಿಗೆ ಎಳೆದು ಕೊಟ್ಟಳು.