ಗಿರಣಿಗೆ ಸಿಕ್ಕ ಅಗಲ ಪರದೆ

ಭಾವ ತಂದ ಮಾನಿಟರ್ ಎಷ್ಟು ಅಗಲವಿತ್ತೆಂದರೆ, ಅದರ ಎಡತುದಿಯಲ್ಲಿ ಬೆಳಗಾದಾಗ ಬಲತುದಿಯಲ್ಲಿ ಇನ್ನೂ ಕತ್ತಲೆ. ಮನೆಗಳ ನಕ್ಷೆ ಬರೆಯುವುದು ಭಾವನ ಕೆಲಸ. ಇಡೀ ಮನೆ ಒಂದೇ ನೋಟಕ್ಕೆ ಕಾಣಬೇಕಂತೆ. ಸೆಕೆಂಡಿಗೆ ನೂರ ನಲವತ್ತನಾಲ್ಕು ಸಲ ಚಿತ್ರ ಬದಲಿಸುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಅಷ್ಟು ಬೇಗ ಬಣ್ಣ ಬದಲಿಸುವವರನ್ನು ನಾನು ನೆಂಟರಲ್ಲಿ ಮಾತ್ರ ಕಂಡಿದ್ದೆ.

ಆದರೆ ಮಾನಿಟರಿಗೆ ಚಿತ್ರ ಒದಗಿಸಬೇಕಾದ, ಅಕ್ಕನ ಮನೆಯ ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡು ಹಳೆಯದು. ಅಕ್ಕನಿಗಿನ್ನೂ ಮದುವೆಯಾಗದ ಕಾಲದಲ್ಲಿ ನಾವಿಬ್ಬರೂ ವರ್ಷವಿಡೀ ಸಿನಿಮಾ ಬಿಟ್ಟು ಅದನ್ನು ಕೊಂಡಿದ್ದೆವು. ಫ್ಯಾನಿನ ಸದ್ದಿನಿಂದಾಗಿ ಅದಕ್ಕೆ ಗಿರಣಿ ಎಂದೇ ಹೆಸರು. ಅದು ಶುರುವಾದರೆ ಬೀದಿಕೊನೆಯವರು ಹಿಟ್ಟು ಬೀಸಿಸಲು ಡಬ್ಬ ಹಿಡಿದು ಬರುತ್ತಿದ್ದರು. ಪರದೆಯನ್ನು ಎರಡು ಪಾಲು ಮಾಡಿ, ಒಂದೇ ಕೀಬೋರ್ಡಿನಲ್ಲಿ ನಾಲ್ಕು ಕೈ ಇಟ್ಟು, ಕಾರು ಓಡಿಸುತ್ತಿದ್ದೆವು. ತನ್ನ ಪಾಲನ್ನು ನಾನು ಕದ್ದು ನೋಡುತ್ತೇನೆಂದು ಅಕ್ಕ ನಡುವೆ ರಟ್ಟಿನ ಗೋಡೆ ಎಬ್ಬಿಸಿದ್ದಳು. ಈಗ ಅವಳು ಊರ ಬಸ್ಸು ಓಡಿಸುತ್ತಾಳೆ. ಆ ವಿದ್ಯೆ ಕಲಿಸಿದವನು ನಾನೇ ಎಂದು ಅವಳ ಡಿಪೋದಲ್ಲೆಲ್ಲ ಹೇಳಿಟ್ಟಿದ್ದೇನೆ.

ಹೊಸ ಕಾರ್ಡು ಕೊಟ್ಟು ಹಳೆಯದನ್ನು ಒಯ್ಯಲು ಸಂಜೆ ಅಂಗಡಿಯವನು ಬರುವವನಿದ್ದ. ಸುದ್ದಿ ಕೇಳಿದವನೇ ಚೀಲ ಹೆಗಲಿಗೇರಿಸಿ ಅಕ್ಕನ ಮನೆಗೆ ಓಡಿದೆ. ಕಂಪ್ಯೂಟರ್ ರಿಪೇರಿಯವನಾದ ನಾನು ಇದೇ ಕೈಯಿಂದ ಊರ ಹಳೆಯ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿಸಿದವನು. ಅಂಥವನು ಅಂದು ಭಾವನ ಮುಂದೆ ನಿಂತು, ಗಿರಣಿ ಈ ಮಾನಿಟರಿಗೇನು, ಎದುರಿನ ಬೆಟ್ಟಕ್ಕೇ ಚಿತ್ರ ಬಿಡಬಲ್ಲದು ಎಂದುಬಿಟ್ಟೆ.

"ಸರಿ ಭಾಮೈದರೇ, ಇಡೀ ಪರದೆ ತುಂಬಿಸಿ ಪೂರ್ತಿ ವೇಗದಲ್ಲಿ ಒಂದು ಆಟ ಓಡಿಸಿ ತೋರಿಸಿ. ಓಡಿದ್ರೆ ಕಾರ್ಡು ಇಲ್ಲೇ ಇರ್ಲಿ," ಎಂದರು ಭಾವ.

ನನ್ನ ಚೀಲದಿಂದ ಮೂರು ಕಂಪ್ಯೂಟರುಗಳ ಆಯುಷ್ಯ ಕಂಡ ಕೇಬಲ್ ತೆಗೆದು ಸಿಕ್ಕಿಸಿದೆ. ಪರದೆಯ ವೇಗ ಸೆಕೆಂಡಿಗೆ ಅರವತ್ತು ಚಿತ್ರ ದಾಟಲಿಲ್ಲ. ಮಾನಿಟರೇ ಸರಿಯಿಲ್ಲವೆಂದು ಒಂದು ಭಾಷಣ ಬಿಗಿದೆ. ಡ್ಯೂಟಿ ಮುಗಿಸಿ ಬಂದಿದ್ದ ಅಕ್ಕ ಖಾಕಿ ಅಂಗಿಯಲ್ಲೇ ಬಗ್ಗಿ, ಪೆಟ್ಟಿಗೆಯಲ್ಲಿದ್ದ ಹೊಸ ಕೇಬಲ್ ಎತ್ತಿ ಕೊಟ್ಟಳು.

"ಲೋ ಬುರುಡೆ, ಇದನ್ನ ಹಾಕು."

ಹಾಕಿದೆ. ಮೌಸಿನ ಬಾಣ ಮೀನಿನ ಹಾಗೆ ಜಾರಿತು. ಬಾಣ ಓಡಿದರೆ ಸಾಲದು, ಆಟ ಓಡಬೇಕು ಎಂದು ಭಾವ ತಮ್ಮ ಹೊಸ ಆಟವೊಂದನ್ನು ತೆರೆದರು. ಗಿರಣಿ ನರಳಿತು. ಆಟದ ಮನುಷ್ಯ ಎತ್ತಿದ ಕಾಲನ್ನು ನೆಲಕ್ಕಿಡುವಷ್ಟರಲ್ಲಿ ನಾನು ಕಾಫಿ ಕುಡಿದು ಲೋಟ ತೊಳೆದಿಟ್ಟು ಬರಬಹುದಿತ್ತು. ನೆರಳು ತೆಗೆದೆ, ಹುಲ್ಲು ತೆಗೆದೆ, ಮೋಡ ತೆಗೆದೆ. ಖಾಲಿ ಮಾಡಿದ ಬಾಡಿಗೆ ಮನೆಯಂತಾಯಿತು ಆಟ. ಕುಂಟುವುದು ಮಾತ್ರ ನಿಲ್ಲಲಿಲ್ಲ. ಇದು ಆಟವಲ್ಲ, ಫೋಟೋ ಆಲ್ಬಮ್ಮು ಎಂದು ಭಾವ ನಕ್ಕರು.

ಅಕ್ಕ ಕುರ್ಚಿ ಎಳೆದುಕೊಂಡಳು. "ಯಾವ ಆಟ ಅಂತ ನೀವು ಹೇಳೇ ಇಲ್ವಲ್ಲ," ಎಂದು ಗಂಡನಿಗೆ ಹೇಳಿ, ನಮ್ಮ ಕಾರಿನ ಆಟ ಹಾಕಿದಳು.

ಗಿರಣಿ ಹಾರಿತು. ಪರದೆಯ ಮೂಲೆಯಲ್ಲಿ ವೇಗ ತೋರುವ ಅಂಕಿ ನೂರ ನಲವತ್ತನಾಲ್ಕಕ್ಕೆ ಹೋಗಿ ಗೂಟ ಹೊಡೆದಂತೆ ನಿಂತಿತು. ಚಿತ್ರ ಈ ತುದಿಯಿಂದ ಆ ತುದಿಯವರೆಗೆ ತುಂಬಿತು. ನಾನು ಮೀಸೆ ತಿರುವಬೇಕು, ಅಷ್ಟರಲ್ಲಿ ಪರದೆಯ ಅಂಚುಗಳು ಕಣ್ಣಿಗೆ ಬಿದ್ದವು. ನಮ್ಮ ಹಳೆಯ ಪರದೆ ಎಲ್ಲಿಗೆ ಮುಗಿಯುತ್ತಿತ್ತೋ ಮರಗಳೂ ಅಲ್ಲಿಗೇ ಮುಗಿದಿದ್ದವು. ಹಳೆಯ ಕಿರಿದಾದ ಪರದೆಗೆಂದು ಮಾಡಿದ ಆಟ; ಆಚೆಗೆ ಹುಲ್ಲಿಲ್ಲ, ಜನವಿಲ್ಲ. ಸಮುದ್ರ ಕತ್ತರಿಸಿದ ಬಟ್ಟೆಯಂತೆ ನಿಂತುಹೋಗಿತ್ತು.

"ಅಷ್ಟು ವರ್ಷ ಇಷ್ಟೇ ಜಾಗದಲ್ಲಿ ಸುತ್ತಿದ್ವೇನೋ?" ಎಂದಳು ಅಕ್ಕ.

"ಆಗ ಪ್ರಪಂಚದಷ್ಟು ದೊಡ್ಡದಿತ್ತಕ್ಕ," ಎಂದೆ. ಆ ದಿನ ನಾನು ಉತ್ಪ್ರೇಕ್ಷೆಯಿಲ್ಲದೆ ಆಡಿದ ಮಾತು ಅದೊಂದೇ.

ಅವಳು ಕೀಬೋರ್ಡನ್ನು ನನ್ನ ಕಡೆ ಸರಿಸಿದಳು. "ಎರಡೂ ಪಕ್ಕ ಮುಚ್ಚಿಬಿಡು."

ಮುಚ್ಚಿದೆ. ಬದಿಗಳು ಕಪ್ಪಾದವು, ನಡುವೆ ಆಟದೊಳಗಿನ ನಮ್ಮ ಹಳೆಯ ಊರು ಮೊದಲಿನಷ್ಟೇ ಅಗಲ, ಮೊದಲಿಗಿಂತ ನುಣುಪು. ಅಷ್ಟು ಅಗಲದ್ದನ್ನು ತಂದದ್ದು ಕಪ್ಪು ನೋಡುವುದಕ್ಕಾ ಎಂದು ಭಾವ ಗೊಣಗಿದರು. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ನಾವು ಆಗಲೇ ಪರದೆ ಪಾಲು ಮಾಡಿಕೊಂಡು ಹೊರಟಿದ್ದೆವು, ಯಾರೂ ಏಳಲಿಲ್ಲ. ಭಾವನೇ ಹೋಗಿ, ಹಳೆಯ ಕಾರ್ಡು ಕೊಡುವುದಕ್ಕಿಲ್ಲ ಎಂದು ಅಂಗಡಿಯವನಿಗೆ ಗಿರಣಿಯ ಸದ್ದನ್ನು ಮೀರಿ ಕೂಗಿ ಕೂಗಿ ಹೇಳಿದರು.

ಆ ಓಟದಲ್ಲಿ ಅಕ್ಕನೇ ಗೆದ್ದಳು. ನಾನು ಬಿಟ್ಟುಕೊಟ್ಟೆ.